ನಾಳೆ ಬೆಳಗ್ಗೆ ಓದುಗರಿಗೆ ಏನು ಬೇಕು: ಜಿಲ್ಲಾ ಪುಟದ ಡೆಸ್ಕ್‌ನಲ್ಲಿ ಕಲಿತದ್ದು

ನಾನು ಶಿವಮೊಗ್ಗದಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ಪುಟ ನೋಡಿಕೊಳ್ಳುತ್ತೇನೆ. ಶಿವಮೊಗ್ಗ, ಭದ್ರಾವತಿ, ಸಾಗರ, ಶಿಕಾರಿಪುರ, ಸೊರಬ, ಹೊಸನಗರ, ತೀರ್ಥಹಳ್ಳಿ, ಈ ಏಳೂ ತಾಲ್ಲೂಕುಗಳಿಂದ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬರಲು ಶುರುವಾಗುತ್ತದೆ. ಸಂಜೆಯಾದರೆ ಫೋನು ಕೆಳಗಿಡಲು ಪುರುಸೊತ್ತು ಇರುವುದಿಲ್ಲ. ವರದಿಗಾರರು ಕಳಿಸಿದ್ದು, ಇಲಾಖೆಗಳ ಪ್ರಕಟಣೆ, ಸಂಘ ಸಂಸ್ಥೆಗಳ ಪ್ರೆಸ್ ನೋಟ್, ಜಾತ್ರೆಯ ಕರಪತ್ರ, ನಿಧನ ಸುದ್ದಿ, ಅಡಿಕೆ ಧಾರಣೆ, ಮಳೆ ಲೆಕ್ಕ ಎಲ್ಲವೂ ಒಟ್ಟಿಗೇ ಬರುತ್ತವೆ.

ಈ ಕೆಲಸಕ್ಕೆ ಹೊಸದಾಗಿ ಬಂದವರ ಕಣ್ಣು ಸಹಜವಾಗಿ ಪುಟದ ಮೇಲ್ಭಾಗದ ಮೇಲಿರುತ್ತದೆ. ರಾಜಕಾರಣಿಯ ಹೇಳಿಕೆ, ಪ್ರತಿಭಟನೆ, ಅಪಘಾತ. ಆದರೆ ಬೆಳಗ್ಗೆ ಕಚೇರಿಗೆ ಬರುವ ಫೋನ್‌ಗಳೇ ಬೇರೆ. 'ನಮ್ಮ ಬೀದಿಗೂ ಕರೆಂಟ್ ಇಲ್ವಾ ಸರ್?' 'ಬೆಳೆ ವಿಮೆಗೆ ಇವತ್ತೇ ಕೊನೆ ದಿನವಾ?' 'ಮಣ್ಣು ಮಾಡೋದು ಎಷ್ಟು ಗಂಟೆಗೆ ಅಂತ ಹಾಕಿಲ್ಲವಲ್ಲ?' ಲೀಡ್ ಸುದ್ದಿಯ ಬಗ್ಗೆ ಫೋನ್ ಮಾಡುವವರು ತೀರಾ ಕಡಿಮೆ. ಜನ ಪತ್ರಿಕೆಯನ್ನು ಕೆಲಸಕ್ಕೆ ಬಳಸುವುದು ಪುಟದ ಕೆಳಗಿನ ಸಿಂಗಲ್ ಕಾಲಂ ಸುದ್ದಿಗಳಿಂದ. ಅವನ್ನು ಫಿಲ್ಲರ್, ಅಂದರೆ ಜಾಗ ತುಂಬಿಸುವ ಸುದ್ದಿ ಎಂದು ಕರೆಯುವುದನ್ನು ನಾನು ಯಾವತ್ತೋ ಬಿಟ್ಟಿದ್ದೇನೆ.

ಪ್ರತಿ ಸಣ್ಣ ಸುದ್ದಿಗೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದನ್ನು ಓದಿದವರು ನಾಳೆ ಬೆಳಗ್ಗೆ ಏನು ಮಾಡಬೇಕು? ಅದಕ್ಕೆ ಬೇಕಾದ ಮಾಹಿತಿ ಎಲ್ಲಾ ಇದರಲ್ಲಿ ಇದೆಯಾ? ಇಲ್ಲದಿದ್ದರೆ ಆ ಸುದ್ದಿ ಇನ್ನೂ ಮುಗಿದಿಲ್ಲ.

ಕರೆಂಟ್ ಹೋಗುವ ಸುದ್ದಿಯನ್ನೇ ತೆಗೆದುಕೊಳ್ಳಿ. ಪ್ರಕಟಣೆ ಸಾಮಾನ್ಯವಾಗಿ ಹೀಗಿರುತ್ತದೆ: 'ವಿದ್ಯುತ್ ವಿತರಣಾ ಕೇಂದ್ರದಲ್ಲಿ ತ್ರೈಮಾಸಿಕ ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವುದರಿಂದ ಸದರಿ ಕೇಂದ್ರದ ಕೆಳಕಂಡ ಫೀಡರ್‌ಗಳ ವ್ಯಾಪ್ತಿಯಲ್ಲಿ ನಾಳೆ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯವಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.' ಇದರಲ್ಲಿ ತಪ್ಪೇನಿಲ್ಲ. ಆದರೆ ಓದುವವರಿಗೆ ಬೇಕಾದ್ದು ಕೊನೆಗೆ ಸಿಗುತ್ತದೆ. ಊರಿನ ಹೆಸರು ಮೊದಲು ಬರಬೇಕು. ಆಮೇಲೆ ವಾರ, ತಾರೀಖು, ಗಂಟೆ. ಕಾಮಗಾರಿ ಯಾವುದು ಎನ್ನುವುದು ಕೊನೆಯ ಸಾಲಿನಲ್ಲಿದ್ದರೆ ಸಾಕು. 'ಗುರುವಾರ ಗೋಪಾಳ, ವಿನೋಬನಗರದಲ್ಲಿ ಕರೆಂಟ್ ಇಲ್ಲ' ಎಂದು ಹೆಡ್ಡಿಂಗ್ ಕೊಟ್ಟರೆ ಗಾಂಧಿ ಬಜಾರ್‌ನವರು ಮುಂದೆ ಓದುವುದೇ ಬೇಡ. ಅವರ ಸಮಯವೂ ಉಳಿಯಿತು.

ಆ ಪ್ರಕಟಣೆಯಲ್ಲಿರುವ 'ನಾಳೆ' ಎನ್ನುವ ಪದ ನೋಡಿ. ಬುಧವಾರ ಸಂಜೆ ಬರೆದ ನಾಳೆ ಗುರುವಾರದ ಪತ್ರಿಕೆಯಲ್ಲಿ ಇವತ್ತಾಗುತ್ತದೆ. ಡೆಸ್ಕ್‌ನಲ್ಲಿ ಕೈತಪ್ಪಿ ಹಾಗೇ ಹೋದರೆ ಓದುಗರು ಶುಕ್ರವಾರ ಎಂದುಕೊಳ್ಳುತ್ತಾರೆ. ಅದಕ್ಕೇ ನಮ್ಮ ಪುಟದಲ್ಲಿ ಇಂದು, ನಾಳೆ ಬಳಸುವುದೇ ಇಲ್ಲ. ಫೋಟೊ ತೆಗೆದು ಗ್ರೂಪ್‌ಗೆ ಹಾಕಿದರೂ, ಎರಡು ದಿನ ಬಿಟ್ಟು ಯಾರಾದರೂ ಫಾರ್ವರ್ಡ್ ಮಾಡಿದರೂ ತಾರೀಖು ಇದ್ದರೆ ಗೊಂದಲವಾಗುವುದಿಲ್ಲ.

ಅಡಿಕೆ ಕೊಯ್ಲಿನ ಹೊತ್ತಿಗೆ ಈ ಸುದ್ದಿಯ ತೂಕ ಇನ್ನೂ ಜಾಸ್ತಿ. ಈಗ ಬಹಳ ಕಡೆ ಅಡಿಕೆ ಸುಲಿಯುವುದು ಮೆಷಿನ್‌ನಲ್ಲಿ. ಕೊಯ್ದು ತಂದ ಹಸಿ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನು ಬೇಗ ಸುಲಿದು, ಬೇಯಿಸಿ, ಒಣಗಲು ಹಾಕಬೇಕು. ಕೆಲಸದವರನ್ನು ಹಿಂದಿನ ದಿನವೇ ಹೇಳಿ ಕರೆಸಿಕೊಂಡಿರುತ್ತಾರೆ. ಬೆಳಗ್ಗೆ ಹತ್ತಕ್ಕೆ ಕರೆಂಟ್ ಹೋಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಒಂದೋ ರಾತ್ರಿಯೇ ಸುಲಿದು ಮುಗಿಸುತ್ತಾರೆ, ಇಲ್ಲ ಆಳುಗಳಿಗೆ ನಾಳಿದ್ದು ಬನ್ನಿ ಎನ್ನುತ್ತಾರೆ. ನಾಲ್ಕು ಸಾಲಿನ ಸುದ್ದಿಯಿಂದ ಒಂದು ಮನೆಯ ಒಂದು ದಿನದ ಕೂಲಿ ಉಳಿಯುತ್ತದೆ. ಅಂದಹಾಗೆ, ಹೇಳದೆ ಕೇಳದೆ ಕರೆಂಟ್ ಹೋದರೆ ಕರೆ ಮಾಡಬೇಕಾದ ಮೆಸ್ಕಾಂ ಸಹಾಯವಾಣಿ 1912. ಈ ನಂಬರನ್ನು ಇಂಥ ಪ್ರತಿ ಸುದ್ದಿಯ ಕೊನೆಗೂ ಹಾಕುತ್ತೇವೆ. ಎಲ್ಲರಿಗೂ ಗೊತ್ತಿದೆ ಎಂದು ಬಿಟ್ಟರೆ, ಗೊತ್ತಿಲ್ಲದವರಿಗೆ ಬೇಕಾದ ದಿನವೇ ಅದು ಇರುವುದಿಲ್ಲ.

ಅಡಿಕೆ ಧಾರಣೆಯ ಪಟ್ಟಿಯಲ್ಲಿ ಕಲಿತದ್ದು ಬೇರೆ ಪಾಠ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆಯ ಬಗೆಗಳನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬರೆಯುತ್ತೇವೆ. ಸಾಗರದ ಪಟ್ಟಿಯಲ್ಲಿ ಚಾಲಿ, ಸಿಪ್ಪೆಗೋಟು, ಬಿಳೆಗೋಟು, ಕೆಂಪುಗೋಟು, ಕೋಕಾ ಎಲ್ಲ ಬರುತ್ತವೆ. ಪ್ರತಿಯೊಂದಕ್ಕೂ ಕ್ವಿಂಟಲ್‌ಗೆ ಕನಿಷ್ಠ ಮತ್ತು ಗರಿಷ್ಠ ದರ. ಇಲ್ಲಿ ಗರಿಷ್ಠ ದರ ನೋಡಿ ಹೆಡ್ಡಿಂಗ್ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಸರಕು ಎನ್ನುವುದು ಆರಿಸಿದ, ಹೆಚ್ಚು ಬೆಲೆಯ ಮಾಲು. ಬಹುಪಾಲು ಬೆಳೆಗಾರರ ಮನೆಯಲ್ಲಿರುವುದು ರಾಶಿ. ಸರಕಿನ ಗರಿಷ್ಠ ದರವನ್ನು ದೊಡ್ಡ ಅಕ್ಷರದಲ್ಲಿ ಹಾಕಿ 'ಅಡಿಕೆ ಧಾರಣೆ ಗಗನಕ್ಕೆ' ಎಂದು ಬರೆದರೆ, ರಾಶಿ ಇಟ್ಟುಕೊಂಡವರು ಮಾಲು ಮಾರದೆ ಕಾಯುತ್ತಾರೆ, ಅಥವಾ ಮಂಡಿಗೆ ಹೋಗಿ ಬೇಸರ ಮಾಡಿಕೊಂಡು ಬರುತ್ತಾರೆ. ಗರಿಷ್ಠ ದರ ಒಂದೇ ಒಂದು ಚಿಕ್ಕ ಲಾಟಿಗೆ ಸಿಕ್ಕಿರಬಹುದು. ಅಂದು ಹೆಚ್ಚು ಮಾಲು ಯಾವ ದರಕ್ಕೆ ಹೋಯಿತು ಎನ್ನುವುದೇ ಬೆಳೆಗಾರರಿಗೆ ಮುಖ್ಯ. ಮಾರುಕಟ್ಟೆ ಸಮಿತಿಯ ವರದಿಯಲ್ಲಿ ಅದನ್ನು ಮಾದರಿ ದರ ಎಂದು ಕೊಡುತ್ತಾರೆ. ಜಾಗ ಎಷ್ಟೇ ಕಡಿಮೆ ಇದ್ದರೂ ನಾನು ಆ ಕಾಲಂ ತೆಗೆಯಲು ಬಿಡುವುದಿಲ್ಲ. ಪತ್ರಿಕೆ ಓದುವವರಿಗೂ ಇದೇ ಮಾತು. ಧಾರಣೆ ನೋಡುವಾಗ ಮಾದರಿ ದರ ನೋಡಿ, ನಿಮ್ಮ ಮಾಲಿನ ಹೆಸರಿನ ಎದುರು ನೋಡಿ.

ಮಳೆಗಾಲದಲ್ಲಿ ನಮ್ಮ ಪುಟದ ಲೆಕ್ಕಾಚಾರವೇ ಬದಲಾಗುತ್ತದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ದಿನವೂ ಮೂರು ಅಣೆಕಟ್ಟಿನ ಮಟ್ಟ ಹಾಕುತ್ತೇವೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಭದ್ರಾದ್ದು 186 ಅಡಿ, ಗಾಜನೂರಿನ ತುಂಗಾ ಅಣೆಕಟ್ಟಿನದು ಮೀಟರ್ ಲೆಕ್ಕ, 588.24. ಲಿಂಗನಮಕ್ಕಿಯದು ಸಮುದ್ರಮಟ್ಟದಿಂದ ಎಣಿಸಿದ್ದು. ಗೊತ್ತಿಲ್ಲದವರಿಗೆ ಅದು ಭದ್ರಾಗಿಂತ ಹತ್ತು ಪಟ್ಟು ಆಳ ಎನಿಸುತ್ತದೆ. ಆದ್ದರಿಂದ ಬರೀ ಮಟ್ಟ ಹಾಕಿದರೆ ಉಪಯೋಗವಿಲ್ಲ. ಪೂರ್ಣ ಮಟ್ಟ, ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ, ಒಳಹರಿವು, ಹೊರಹರಿವು, ಇಷ್ಟೂ ಬೇಕು. ಹಳೆ ಓದುಗರು ಮೊದಲು ನೋಡುವುದೇ 'ಕಳೆದ ವರ್ಷ ಇದೇ ದಿನ' ಎಂಬ ಕಾಲಂ. ಭದ್ರಾ ಅಚ್ಚುಕಟ್ಟಿನ ರೈತರು ಅದನ್ನು ನೋಡಿಯೇ ನಾಲೆಗೆ ನೀರು ಯಾವಾಗ ಬಿಡಬಹುದು, ಭತ್ತದ ಸಸಿಮಡಿ ಯಾವಾಗ ಮಾಡಬಹುದು ಎಂದು ಅಂದಾಜು ಮಾಡುತ್ತಾರೆ.

ಹೊಳೆದಂಡೆಯವರಿಗೆ ಬೇಕಾದ್ದು ಹೊರಹರಿವು. ಗಾಜನೂರು ಅಣೆಕಟ್ಟು ಚಿಕ್ಕದು, ಮಳೆ ಶುರುವಾದ ಕೆಲವೇ ದಿನಕ್ಕೆ ತುಂಬಿಬಿಡುತ್ತದೆ. ಆಮೇಲೆ ಮೇಲಿನಿಂದ ಬಂದ ನೀರೆಲ್ಲ ಶಿವಮೊಗ್ಗ ನಗರದ ಮೇಲೇ ಹಾದು ಹೋಗಬೇಕು. ಇಷ್ಟು ಸಾವಿರ ಕ್ಯುಸೆಕ್, ಅಂದರೆ ಸೆಕೆಂಡಿಗೆ ಇಷ್ಟು ಸಾವಿರ ಘನ ಅಡಿ ನೀರು ಎಂದರೆ ಎಷ್ಟು ಜನಕ್ಕೆ ಅರ್ಥವಾಗುತ್ತದೆ? ಶಿವಮೊಗ್ಗದವರಿಗೆ ತುಂಗೆಯ ಅಳತೆಗೋಲು ಎಂದರೆ ಹೊಳೆಯೊಳಗಿನ ಕೋರ್ಪಲಯ್ಯನ ಮಂಟಪ. ಅದು ಎಷ್ಟು ಮುಳುಗಿದೆ ಎಂದು ಹೇಳಿದರೆ ಸಾಕು, ಹಳೆ ಶಿವಮೊಗ್ಗದ ತಗ್ಗು ಬೀದಿಗಳವರು ಸಾಮಾನು ಮೇಲೆ ಎತ್ತಿಡಬೇಕಾ ಬೇಡವಾ ಎಂದು ತೀರ್ಮಾನಿಸುತ್ತಾರೆ. ತೀರ್ಥಹಳ್ಳಿಯವರಿಗೆ ರಾಮಮಂಟಪ. ಕ್ಯುಸೆಕ್ ಲೆಕ್ಕವನ್ನೂ ಕೊಡುತ್ತೇವೆ, ಮಂಟಪದ ಸ್ಥಿತಿಯನ್ನೂ ಬರೆಯುತ್ತೇವೆ. ಮಂಟಪದ ಫೋಟೊ ಹಾಕುವಾಗ ಎಷ್ಟು ಗಂಟೆಗೆ ತೆಗೆದದ್ದು ಎಂದು ಕೆಳಗೆ ಬರೆಯುವುದು ಕಡ್ಡಾಯ. ಹೊಳೆ ಮೂರು ಗಂಟೆಯಲ್ಲಿ ಬೇರೆಯೇ ಆಗಿರುತ್ತದೆ. ತುರ್ತು ಇದ್ದವರಿಗೆ ಜಿಲ್ಲಾಡಳಿತದ ಸಹಾಯವಾಣಿ 1077 ಕೂಡ ಜೊತೆಗಿರಬೇಕು.

ಮಳೆ ರಜೆಯ ಸುದ್ದಿಗೆ ಬರುವಷ್ಟು ಫೋನ್ ಬೇರೆ ಯಾವುದಕ್ಕೂ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆಗುಂಬೆ ಕಡೆ ಹುಯ್ಯುವ ಮಳೆಗೂ ಶಿಕಾರಿಪುರದ ಮಳೆಗೂ ಹೋಲಿಕೆಯೇ ಇಲ್ಲ. ಹಾಗಾಗಿ ರಜೆ ಎಷ್ಟೋ ಸಲ ತಾಲ್ಲೂಕಿಗೊಂದರಂತೆ ಇರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರಕ್ಕೆ ರಜೆ ಇದ್ದು ಉಳಿದ ಕಡೆ ಶಾಲೆ ನಡೆಯಬಹುದು. 'ಜಿಲ್ಲೆಯ ಶಾಲೆಗಳಿಗೆ ರಜೆ' ಎಂದು ಒಂದು ಸಾಲು ಹೊಡೆದರೆ ಅರ್ಧ ಜಿಲ್ಲೆಗೆ ತಪ್ಪು ಮಾಹಿತಿ ಹೋಗುತ್ತದೆ. ಯಾವ ತಾಲ್ಲೂಕು, ಯಾವ ದಿನ, ಅಂಗನವಾಡಿ ಸೇರಿದೆಯಾ, ಪಿಯು ಕಾಲೇಜು ಸೇರಿದೆಯಾ, ಡಿಗ್ರಿಯವರ ಪರೀಕ್ಷೆ ಮುಂದಕ್ಕೆ ಹೋಗಿದೆಯಾ ಎಂದು ಕೇಳಿಯೇ ಬರೆಯಬೇಕು. ಹೋದ ವರ್ಷದ ಆದೇಶಕ್ಕೆ ತಾರೀಖು ಬದಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಬಿಡುವವರೂ ಇದ್ದಾರೆ. ಅಧಿಕಾರಿಗಳ ಬಾಯಿಂದಲೇ ಖಾತ್ರಿಯಾಗುವವರೆಗೆ ನಾವು ಹಾಕುವುದಿಲ್ಲ. ತಡವಾದರೂ ಪರವಾಗಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಮಗು ಶಾಲೆಯಿಂದ ವಾಪಸ್ ಬರುವಂತೆ ಆಗಬಾರದು.

ಇನ್ನು ನಾನು ಹೆಚ್ಚು ಕಾಳಜಿ ಮಾಡುವ ಸುದ್ದಿಗೆ ಬರುತ್ತೇನೆ. 'ಮಂಗನ ಶವ ಪತ್ತೆ.'

ಬೇರೆ ಜಿಲ್ಲೆಯಲ್ಲಿ ಇದು ಸುದ್ದಿಯೇ ಅಲ್ಲದಿರಬಹುದು. ನಮ್ಮಲ್ಲಿ ಹಾಗಲ್ಲ. ಮಂಗನ ಕಾಯಿಲೆಯನ್ನು ಪ್ರಪಂಚದಲ್ಲೇ ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಇದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಎಷ್ಟು ಮನೆಗಳನ್ನು ನಡುಗಿಸಿತು ಎಂದು ಇಲ್ಲಿನವರಿಗೆ ಮತ್ತೆ ಹೇಳಬೇಕಾಗಿಲ್ಲ. ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ. ಮಂಗಕ್ಕೆ ಸೋಂಕು ತಗುಲಿ ಅದು ಸತ್ತಾಗ ಮೈಮೇಲಿದ್ದ ಉಣುಗುಗಳು ಆ ಜಾಗದಲ್ಲಿ ಉದುರುತ್ತವೆ. ಅಲ್ಲಿಗೆ ಸೌದೆಗೋ, ದನದ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಲಿಕ್ಕೋ ಹೋದವರಿಗೆ ಕಚ್ಚುತ್ತವೆ. ಹಾಗಾಗಿ ಸತ್ತ ಮಂಗ ಎಂದರೆ ಊರಿಗೆ ಕಾಯಿಲೆ ಬರುವ ಮುಂಚೆ ಸಿಗುವ ಎಚ್ಚರಿಕೆ. ಸುಮಾರು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಲ. ಜನ ಕಾಡಿಗೆ ಹೆಚ್ಚು ಹೋಗುವುದೂ ಅದೇ ಒಣ ತಿಂಗಳುಗಳಲ್ಲಿ.

ಹೀಗಿರುವಾಗ 'ತಾಲ್ಲೂಕಿನ ಅರಣ್ಯದಲ್ಲಿ ಮಂಗನ ಶವ ಪತ್ತೆಯಾಗಿದ್ದು ಜನರಲ್ಲಿ ಆತಂಕ ಮೂಡಿಸಿದೆ' ಎಂದು ಬರೆದು ಕಳಿಸಿದರೆ ಏನು ಉಪಯೋಗ? ಆತಂಕ ಮಾತ್ರ ತಲುಪಿತು. ಇಂಥ ಸುದ್ದಿ ಬಂದ ತಕ್ಷಣ ನಾನು ವರದಿಗಾರರಿಗೆ ಫೋನ್ ಮಾಡುತ್ತೇನೆ. ಯಾವ ಊರು, ಯಾವ ಮಜರೆ, ಯಾವ ಮನೆಗಳ ಹಿಂಬದಿಯ ಕಾಡು? ಎಂದು ನೋಡಿದ್ದು? ಆರೋಗ್ಯ ಕೇಂದ್ರಕ್ಕೆ ಹೇಳಿದ್ದಾರಾ? ಆ ಜಾಗಕ್ಕೆ ಔಷಧಿ ಹೊಡೆದಿದ್ದಾರಾ? ನಮ್ಮ ಕಡೆ ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ. ಹೊಸೂರು, ಹೊಸಳ್ಳಿ ಇಲ್ಲದ ಹೋಬಳಿ ಹುಡುಕುವುದೇ ಕಷ್ಟ. ಆದ್ದರಿಂದ ಹೋಬಳಿ, ಪಂಚಾಯಿತಿ ಹೆಸರಿಲ್ಲದೆ ಈ ಸುದ್ದಿ ಪುಟಕ್ಕೆ ಹೋಗುವುದಿಲ್ಲ.

ಆಮೇಲೆ ಓದುಗರು ಮಾಡಬೇಕಾದ್ದನ್ನು ಸೇರಿಸುತ್ತೇವೆ. ಸತ್ತ ಮಂಗವನ್ನು ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಆ ಭಾಗದ ಕಾಡಿಗೆ ಸದ್ಯಕ್ಕೆ ಸೌದೆ, ತರಗೆಲೆಗೆ ಹೋಗಬೇಡಿ. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಉಣುಗು ತಡೆಯುವ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಆ ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆಯಿರಿ. ಇದ್ದಕ್ಕಿದ್ದಂತೆ ಜೋರು ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಸುಮ್ನೆ ಮಲಗಬೇಡಿ, ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಈ ಕೊನೆಯ ವಾಕ್ಯವನ್ನು ಜಾಗ ಇಲ್ಲವೆಂದು ಕತ್ತರಿಸಬೇಡಿ ಎಂದು ಪುಟ ಕಟ್ಟುವವರಿಗೆ ಪ್ರತಿ ಸಲ ಹೇಳುತ್ತೇನೆ. ಯಾವ ಜ್ವರ ಎಂದು ಬೇಗ ಗೊತ್ತಾಗುವುದು ಆ ಒಂದು ಮಾತಿನಿಂದ.

ಇನ್ನೊಂದು ಸಂಗತಿ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅದನ್ನೂ ಪ್ರತಿ ಸಲ ಬರೆಯುತ್ತೇವೆ. ಕಾಯಿಲೆ ಬಂದವರ ಹೆಸರು, ಮನೆ ಗುರುತು ಹಾಕುವುದಿಲ್ಲ. ಊರಿನ ಹೆಸರು ಜನರನ್ನು ಕಾಪಾಡುತ್ತದೆ, ರೋಗಿಯ ಹೆಸರಿನಿಂದ ಯಾರಿಗೂ ಪ್ರಯೋಜನವಿಲ್ಲ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಾಗ ಅದರಲ್ಲಿ ದೂರದ ರಾಜ್ಯಗಳ ಸುದ್ದಿಯ ಜೊತೆ ಊರ ವರ್ತಮಾನವೂ ಸರ್ಕಾರದ ಆದೇಶಗಳೂ ಇದ್ದವು. ಹರ್ಮನ್ ಮೊಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಅಂದಿನಿಂದ ಇಂದಿನವರೆಗೆ ಕನ್ನಡ ಪತ್ರಿಕೆಗೆ ಊರ ಸುದ್ದಿ ತಪ್ಪಿಲ್ಲ. ನಮ್ಮ ಪುಟದ ಕೆಳಗಿನ ಮೂಲೆಗೆ ಇಷ್ಟು ಹಿರಿದಾದ ವಂಶವಿದೆ ಎಂದು ಹೊಸಬರಿಗೆ ಹೇಳುವಾಗ ನನಗೆ ನಿಜವಾಗಿ ಹೆಮ್ಮೆಯಾಗುತ್ತದೆ.

ಊರ ಸುದ್ದಿ ಊರಿನ ಜೊತೆ ಬದಲಾಗುತ್ತಲೂ ಇರುತ್ತದೆ. ಮೊನ್ನೆ ಮೊನ್ನೆಯವರೆಗೆ ಸಿಗಂದೂರಿಗೆ ಹೋಗುವವರಿಗೆ, ತುಮರಿ ಕಡೆಯವರಿಗೆ ಹಿನ್ನೀರು ದಾಟಿಸುವ ಲಾಂಚ್‌ನ ಸುದ್ದಿ ಬಹಳ ಮುಖ್ಯವಾಗಿತ್ತು. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದರೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು. ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ದಡದಲ್ಲೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ಸುದ್ದಿಯ ತುರ್ತು ಹೋಯಿತು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುತ್ತಾರಾ ಇಲ್ಲವಾ ಎನ್ನುವ ಸುದ್ದಿ ಮಾತ್ರ ಹಾಗೇ ಇದೆ.

ಜಾತ್ರೆ, ಕಾರ್ಯಕ್ರಮಗಳ ಸುದ್ದಿಯಲ್ಲಿ ನಮಗೂ ಸಂಘಟಕರಿಗೂ ಸದಾ ಒಂದು ಎಳೆದಾಟ. ಅವರು ಕಳಿಸುವ ನೋಟ್‌ನಲ್ಲಿ ಮುಕ್ಕಾಲು ಭಾಗ ವೇದಿಕೆ ಮೇಲಿರುವವರ ಹೆಸರು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಹೆಸರು ಬಿಟ್ಟರೆ ಊರಲ್ಲಿ ಅವರೇ ಉತ್ತರ ಹೇಳಬೇಕು. ಆದರೂ ಕಾರ್ಯಕ್ರಮಕ್ಕೆ ಬರುವವರಿಗೆ ಬೇಕಾದ್ದು ಎಲ್ಲಿ, ಎಷ್ಟು ಹೊತ್ತಿಗೆ, ಊಟ ಇದೆಯಾ, ಕೊನೆ ಬಸ್ ಎಷ್ಟಕ್ಕೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ, ಇಡೀ ಊರು ತುಂಬಿಹೋಗುತ್ತದೆ. ಆಗ ಯಾವ ರಸ್ತೆ ಬಂದ್, ಗಾಡಿ ಎಲ್ಲಿ ನಿಲ್ಲಿಸಬೇಕು, ಬಸ್ ಎಲ್ಲಿಂದ ಹೊರಡುತ್ತದೆ ಎನ್ನುವ ನಾಲ್ಕು ಸಾಲು ಉದ್ಘಾಟನಾ ಭಾಷಣಕ್ಕಿಂತ ದೊಡ್ಡ ಸುದ್ದಿ. ಜಾಗದ ಗುರುತೂ ಜನ ಬಳಸುವುದೇ ಇರಲಿ. ಟಿ. ಸೀನಪ್ಪ ಶೆಟ್ಟಿ ವೃತ್ತ ಎಂದು ಬರೆದಾಗ ಪಕ್ಕದಲ್ಲೇ ಗೋಪಿ ಸರ್ಕಲ್ ಎಂದೂ ಹಾಕುತ್ತೇವೆ. ಹಳ್ಳಿಯಿಂದ ಬಂದವರು ಆಟೊದವರಿಗೆ ಹೇಳುವುದು ಅದನ್ನೇ.

ಬೆಳೆ ವಿಮೆ, ಅರ್ಜಿ ಆಹ್ವಾನ ಇಂಥವುಗಳಲ್ಲಿ ಕೊನೆಯ ದಿನಾಂಕ ಮೊದಲ ಸಾಲಿನಲ್ಲಿ. ಏನೇನು ಕಾಗದ ಬೇಕು ಎನ್ನುವುದು ಎರಡನೇ ಸಾಲಿನಲ್ಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೈತರ ಗುರುತಿನ ಸಂಖ್ಯೆ (ಎಫ್‌ಐಡಿ). ಒಂದು ಕಾಗದ ಮರೆತು ಹೋದವರಿಗೆ ಮತ್ತೊಂದು ದಿನದ ಬಸ್ ಚಾರ್ಜು, ಮತ್ತೊಂದು ದಿನದ ಕೆಲಸ ಹಾಳು. ಫಸಲ್ ವಿಮೆ ಮಾಡಿಸಿದವರು ಆಲಿಕಲ್ಲು ಮಳೆಯಿಂದಲೋ ಹೊಲಕ್ಕೆ ನೀರು ನುಗ್ಗಿಯೋ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಇದು ಗೊತ್ತಿಲ್ಲದವರು ಇನ್ನೂ ಬಹಳ ಇದ್ದಾರೆ. ಜೋರು ಮಳೆ ಬಿದ್ದ ಮಾರನೇ ದಿನ ಹಾನಿಯ ಸುದ್ದಿಯ ಕೆಳಗೇ ಈ ಒಂದು ಸಾಲು ಹಾಕುತ್ತೇವೆ. ಯಾರಿಗೆ ಬೇಕೋ ಅವರ ಕಣ್ಣು ಆಗ ಅಲ್ಲೇ ಇರುತ್ತದೆ.

ನಿಧನ ಸುದ್ದಿಗೆ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಫಾರ್ವರ್ಡ್ ಆಗಿ ಬಂದ ಮೆಸೇಜ್ ನೋಡಿ ಹಾಕುವಂತಿಲ್ಲ. ಮನೆಯವರಿಗೋ, ಊರಿನ ತಿಳಿದವರಿಗೋ ಫೋನ್ ಮಾಡಿ ಕೇಳಲೇಬೇಕು. ಕೇಳುವಾಗ ಮಾತು ಮೆತ್ತಗಿರಬೇಕು, ಎರಡು ನಿಮಿಷ ಅವರು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ಹೆಸರಿನ ಜೊತೆ ಊರು, ಮನೆತನ, ವಯಸ್ಸು, ಅಂತ್ಯಕ್ರಿಯೆ ಎಲ್ಲಿ ಮತ್ತು ಎಷ್ಟು ಗಂಟೆಗೆ. ಬೆಂಗಳೂರಿನಲ್ಲಿರುವ ನೆಂಟರು ರಾತ್ರಿ ರೈಲು ಹತ್ತಬೇಕಾ, ಬೆಳಗ್ಗೆ ಹೊರಟರೆ ಸಾಕಾ ಎಂದು ನಿರ್ಧಾರ ಮಾಡುವುದು ಆ ಗಂಟೆ ನೋಡಿ. ಆದ್ದರಿಂದ ಈ ಸುದ್ದಿ ಮಾತ್ರ ರಾತ್ರಿಯೇ ಆನ್‌ಲೈನ್‌ಗೆ ಹೋಗುತ್ತದೆ, ಪುಟಕ್ಕೆ ಕಾಯುವುದಿಲ್ಲ.

ನಿಮ್ಮ ಊರಿನ ಸುದ್ದಿ ಪತ್ರಿಕೆಗೆ ಕಳಿಸುವವರು ನೀವಾಗಿದ್ದರೆ ಡೆಸ್ಕ್‌ನ ಕಡೆಯಿಂದ ಒಂದೆರಡು ವಿನಂತಿ. ಕಾರ್ಯಕ್ರಮದ ಸುದ್ದಿಯನ್ನು ಹಿಂದಿನ ದಿನ ರಾತ್ರಿ ಕಳಿಸಬೇಡಿ, ಎರಡು ದಿನ ಮುಂಚೆ ಮಧ್ಯಾಹ್ನದೊಳಗೆ ಕಳಿಸಿ. ತಾರೀಖಿನ ಜೊತೆ ವಾರವನ್ನೂ ಬರೆಯಿರಿ. ಎರಡಕ್ಕೂ ತಾಳೆಯಾಗದಿದ್ದರೆ ನಾವು ಫೋನ್ ಮಾಡಿ ಕೇಳಬಹುದು. ಕರಪತ್ರದ ಫೋಟೊ ಸಾಲದು, ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದರೆ ಹೆಸರುಗಳು ತಪ್ಪಾಗುವುದಿಲ್ಲ. ಪ್ರವೇಶ ಉಚಿತವೋ ಶುಲ್ಕ ಇದೆಯೋ ಹೇಳಿ. ಫೋನ್ ಎತ್ತುವ ಒಬ್ಬರ ನಂಬರ್ ಕೊಡಿ, ಅದನ್ನು ಪ್ರಕಟಿಸಬಹುದೋ ಬೇಡವೋ ಎಂದೂ ತಿಳಿಸಿ. ಗುಂಪು ಫೋಟೊ ಕಳಿಸುವುದಾದರೆ ಎಡದಿಂದ ಬಲಕ್ಕೆ ಹೆಸರು ಬರೆಯಿರಿ, ಹಿಂದಿನ ಸಾಲಿನವರದ್ದೂ ಬರೆಯಿರಿ.